ಆರನೇ ತರಗತಿಗೆ ಭಿನ್ನರಾಶಿ: ಹಲಗೆ, ವಿಡಿಯೊ, ಕಾಗದದ ಪಟ್ಟಿ

2025-26ರಲ್ಲಿ ಆರನೇ ತರಗತಿಯಲ್ಲಿರುವ ಮಕ್ಕಳು ಕೋವಿಡ್‌ನಿಂದಾಗಿ ಬಾಗಿಲು ಮುಚ್ಚಿದ್ದ ಶಾಲೆಗೆ ದಾಖಲಾದವರು. ರಾಜ್ಯದಲ್ಲಿ ಕಿರಿಯ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಷ್ಟರಲ್ಲಿ ಇವರು ಎರಡನೇ ತರಗತಿಗೆ ಬಂದಿದ್ದರು. ಮೊಬೈಲ್ ಹಿಡಿದೇ ಬೆಳೆದ ಇವರಿಗೆ ವಿಡಿಯೊ ಬಿಟ್ಟರೆ ಬೇರೇನೂ ರುಚಿಸದು ಎಂದು ನಾನೂ ನಂಬಿದ್ದೆ. ಅದು ಎಷ್ಟರಮಟ್ಟಿಗೆ ನಿಜವೆಂದು ತಿಳಿಯಲು, ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳ ಸಂಕಲನವನ್ನು ತರಗತಿಯ ಮೂರು ಗುಂಪುಗಳಿಗೆ ಮೂರು ಬಗೆಯಲ್ಲಿ ಕಲಿಸಿ ನೋಡಿದೆ.

ಕಪ್ಪುಹಲಗೆಯ ಗುಂಪು ಲ.ಸಾ.ಅ. (ಲಘುತಮ ಸಾಮಾನ್ಯ ಅಪವರ್ತ್ಯ) ತೆಗೆದು ಛೇದ ಸಮ ಮಾಡುವ ಕ್ರಮವನ್ನು ಒಂದೇ ಅವಧಿಯಲ್ಲಿ ಕಲಿತಿತು. ವಾರ ಕಳೆದು ಕೇಳಿದಾಗ ಹಲವರು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸಿ 1/2 + 1/3 = 2/5 ಎಂದು ಬರೆದಿದ್ದರು.

ಎರಡನೇ ಗುಂಪಿಗೆ ಪಠ್ಯಪುಸ್ತಕದ ಕ್ಯೂಆರ್ ಕೋಡನ್ನು ದೀಕ್ಷಾ ಎಂಬ ಕಲಿಕಾ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿ ಪಾಠದ ವಿಡಿಯೊ ತೋರಿಸಿದೆ. ದೊಡ್ಡ ಪರದೆಯಲ್ಲಿ ಎಲ್ಲರಿಗೂ ಒಟ್ಟಿಗೆ ತೋರಿಸಿದ ದಿನ ಅವರು ಸದ್ದಿಲ್ಲದೆ ನೋಡಿದರು, ಆದರೆ ಲೆಕ್ಕದಲ್ಲಿ ಅದೇ 2/5 ಬಂತು. ಮರುದಿನ ಇಬ್ಬರಿಗೊಂದು ಫೋನ್ ಕೊಟ್ಟಾಗ ಮಾತ್ರ ವ್ಯತ್ಯಾಸ ಕಂಡಿತು. ತರಗತಿಯಲ್ಲಿ ಎಂದೂ ಕೈ ಎತ್ತದ ಹುಡುಗನೊಬ್ಬ ಛೇದ ಬದಲಾಗುವ ಜಾಗಕ್ಕೆ ವಿಡಿಯೊವನ್ನು ನಾಲ್ಕು ಸಲ ಹಿಂದಕ್ಕೆ ಎಳೆದು, ತುಟಿ ಅಲುಗಿಸುತ್ತ ನೋಡಿದ. ಯಾಕೆಂದು ಕೇಳಿದರೆ, "ಇದು ಎಷ್ಟು ಸಲ ಕೇಳಿದ್ರೂ ಬೈಯಲ್ಲ ಟೀಚರ್" ಎಂದ. "ಈಗ ತಾನೇ ಹೇಳಿದೆನಲ್ಲ" ಎಂದು ನಾನು ದಿನಕ್ಕೆ ಎಷ್ಟು ಬಾರಿ ಅನ್ನುತ್ತೇನೆಂಬುದು ನೆನಪಾಗಿ ಮನಸ್ಸಿಗೆ ನೋವಾಯಿತು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ, ಕಾರ್ಡುಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯ ತಟ್ಟೆಗಳಲ್ಲಿ (ಕಲಿಕೆಯ ಗುಂಪುಗಳಲ್ಲಿ) ಕಿರಿಯ ತರಗತಿಗಳಲ್ಲಿ ಕೂತು, ಒಂದು ಮೆಟ್ಟಿಲು ಗಟ್ಟಿಯಾದ ಮೇಲೆಯೇ ಮುಂದಿನ ಕಾರ್ಡು ಎತ್ತಿಕೊಳ್ಳುತ್ತಿದ್ದ ಮಕ್ಕಳಿವರು. ತಮ್ಮದೇ ವೇಗದಲ್ಲಿ ಕಲಿಯುವ ಈ ಆಸೆ ಮೊಬೈಲಿನಿಂದ ಮಾತ್ರ ಬಂದದ್ದೆಂದು ನನಗೀಗ ಅನ್ನಿಸುವುದಿಲ್ಲ.

ಮೂರನೇ ಗುಂಪಿಗೆ ಕೊಟ್ಟದ್ದು 30 ಸೆಂಟಿಮೀಟರ್ ಉದ್ದದ ಕಾಗದದ ಪಟ್ಟಿಗಳು. ಮೂರು ಸಮಭಾಗವಾಗಿ ಮಡಿಸುವುದು ಮಕ್ಕಳ ಕೈಗೆ ಸುಲಭವಲ್ಲವಾದ್ದರಿಂದ ಕೊನೆಗೆ ಅಳತೆಪಟ್ಟಿ ಇಟ್ಟು ಗುರುತು ಹಾಕಿಸಬೇಕಾಯಿತು, ಮೂರು ಅವಧಿಗಳೂ ಹಿಡಿದವು. ಅರ್ಧದ 15 ಸೆಂಟಿಮೀಟರಿನ ತುಂಡಿಗೆ ಮೂರನೇ ಒಂದರ 10 ಸೆಂಟಿಮೀಟರಿನ ತುಂಡನ್ನು ಜೋಡಿಸಿದ ಹುಡುಗಿಯೊಬ್ಬಳು, ಪಕ್ಕದಲ್ಲಿ 2/5 ಎಂದು ಕತ್ತರಿಸಿಟ್ಟಿದ್ದ 12 ಸೆಂಟಿಮೀಟರಿನ ತುಂಡನ್ನು ನೋಡಿ, "ಅರ್ಧಕ್ಕೆ ಇನ್ನೂ ಸೇರಿಸಿದ್ಮೇಲೆ ಅರ್ಧಕ್ಕಿಂತ ಕಮ್ಮಿ ಹೆಂಗಾಗುತ್ತೆ?" ಎಂದು ತನ್ನಷ್ಟಕ್ಕೇ ಕೇಳಿಕೊಂಡಳು. ಆಮೇಲೆ ಇಡೀ ಪಟ್ಟಿಯನ್ನು ಐದೈದು ಸೆಂಟಿಮೀಟರಿನ ಆರು ಭಾಗ ಮಾಡಿ, ಜೋಡಿಸಿದ ತುಂಡು ಐದು ಭಾಗಗಳನ್ನು ತುಂಬುವುದನ್ನು ಕಂಡು 5/6 ಎಂದು ಬರೆದಳು. ವಾರದ ನಂತರ ಈ ಗುಂಪಿನಲ್ಲಿ 2/5 ಎಂಬ ಉತ್ತರ ಒಂದೂ ಇರಲಿಲ್ಲ.

ಯಾವುದು ಇಷ್ಟವೆಂದು ಕೇಳಿದರೆ ಹೆಚ್ಚಿನ ಮಕ್ಕಳು ಈಗಲೂ ವಿಡಿಯೊ ಎನ್ನುತ್ತಾರೆ. ಅವರ ಇಷ್ಟವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಹೊಸ ಪರಿಕಲ್ಪನೆಗೆ ನನ್ನ ಮೊದಲ ಆಯ್ಕೆ ಕಾಗದದ ಪಟ್ಟಿ, ಕಲಿತದ್ದನ್ನು ಮತ್ತೆ ಮತ್ತೆ ನೋಡಿಕೊಳ್ಳಲು ವಿಡಿಯೊ. ಅಪ್ಪ ಕೆಲಸ ಮುಗಿಸಿ ಬಂದ ಮೇಲಷ್ಟೇ ಫೋನ್ ಕೈಗೆ ಸಿಗುವ ಮನೆಗಳು ನಮ್ಮಲ್ಲಿ ಹಲವು ಇರುವುದರಿಂದ ವಿಡಿಯೊ ನೋಡುವುದನ್ನು ಮನೆಗೆಲಸಕ್ಕೆ ಬಿಡದೆ ಶಾಲೆಯಲ್ಲೇ ಇಬ್ಬರಿಗೊಂದರಂತೆ ಫೋನ್ ಕೊಡುತ್ತಿದ್ದೇನೆ. ದಶಮಾಂಶದ ಪಾಠಕ್ಕೆ ಹತ್ತು ಗುರುತುಗಳ ಪಟ್ಟಿಗಳು ಈಗಾಗಲೇ ಸಿದ್ಧವಾಗಿವೆ.