ಕಾಲು ಮೈಲಿ ಓಟಕ್ಕೆ ಸೆಂಟ್ರಿಫ್ಯೂಗಲ್ ಸೂಪರ್‌ಚಾರ್ಜರ್: ವೋರ್ಟೆಕ್ ಮತ್ತು ಪ್ರೋಚಾರ್ಜರ್, ದೀರ್ಘ ಬಳಕೆಯ ನಂತರ

ಎಂಜಿನ್‌ನಿಂದಲೇ ತಿರುಗಿ, ಹೆಚ್ಚು ಗಾಳಿಯನ್ನು ಅದರೊಳಗೆ ಒತ್ತಿ ತುಂಬುವ ಸೂಪರ್‌ಚಾರ್ಜರ್ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಎಷ್ಟು ಅಶ್ವಶಕ್ತಿ ಸಿಗುತ್ತದೆ ಎಂದು. ನನ್ನ 2013ರ ಮಸ್ಟಾಂಗ್ ಜಿಟಿಗೆ ಮೊದಲು ವೋರ್ಟೆಕ್ ವಿ-3 ಎಸ್‌ಐ, ಆಮೇಲೆ ಪ್ರೋಚಾರ್ಜರ್ ಡಿ-1ಎಸ್‌ಸಿ ಕೂರಿಸಿ, ಡಲ್ಲಾಸ್‌ನ ದಕ್ಷಿಣಕ್ಕೆ ಎನಿಸ್‌ನಲ್ಲಿರುವ ಟೆಕ್ಸಸ್ ಮೋಟಾರ್‌ಪ್ಲೆಕ್ಸ್‌ನ ಕಾಂಕ್ರೀಟ್ ಪಥದಲ್ಲಿ ವರ್ಷಗಟ್ಟಲೆ ಓಡಿಸಿದ ಮೇಲೆ, ಅದಕ್ಕಿಂತ ಮೊದಲು ಕೇಳಬೇಕಾದ ಎರಡು ಪ್ರಶ್ನೆಗಳಿವೆ ಎನ್ನುವುದು ನನಗೆ ಖಚಿತವಾಗಿದೆ: ಗೇರ್ ಬದಲಾದ ಕ್ಷಣದಲ್ಲಿ ಎಷ್ಟು ಬೂಸ್ಟ್ (ಹೆಚ್ಚುವರಿ ಗಾಳಿಯ ಒತ್ತಡ) ಉಳಿದಿರುತ್ತದೆ, ಮತ್ತು ಗೆರೆ ದಾಟುವವರೆಗೂ ಸೂಪರ್‌ಚಾರ್ಜರ್ ತಿರುಗಿಸುವ ಬೆಲ್ಟ್ ಜಾರದೆ ನಿಲ್ಲುತ್ತದೆಯೇ.

ಇವೆರಡೂ ಸೆಂಟ್ರಿಫ್ಯೂಗಲ್ ಬಗೆಯವು, ಅಂದರೆ ಇಂಪೆಲ್ಲರ್ ಎಂಬ ರೆಕ್ಕೆಚಕ್ರ ಅತಿ ವೇಗವಾಗಿ ತಿರುಗಿ ಗಾಳಿಯನ್ನು ಹೊರಕ್ಕೆಸೆದು ಒತ್ತುತ್ತದೆ. ಈ ಬಗೆಯ ಸೂಪರ್‌ಚಾರ್ಜರ್‌ನಲ್ಲಿ ಒತ್ತಡವು ಸುಮಾರಾಗಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಎಂಜಿನ್ 7000 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತು) ಇದ್ದಾಗ 12 ಪಿಎಸ್‌ಐ (ಚದರ ಅಂಗುಲಕ್ಕೆ ಪೌಂಡ್) ಕೊಡುವ ಘಟಕ 5250ಕ್ಕೆ ಇಳಿದಾಗ 7 ಪಿಎಸ್‌ಐಗೂ ತುಸು ಕಡಿಮೆ ಕೊಡುತ್ತದೆ. ನನ್ನ ಕಾರಿನ ಆರು ವೇಗದ 6ಆರ್80 ಗೇರ್‌ಬಾಕ್ಸ್ ಮೂರರಿಂದ ನಾಲ್ಕಕ್ಕೆ ಹೋದಾಗ ಎಂಜಿನ್ ಬಂದು ನಿಲ್ಲುವುದು ಅಲ್ಲಿಯೇ. ಎರಡರಿಂದ ಮೂರಕ್ಕೆ ಹೋದಾಗಲಂತೂ 4550ರ ಆಸುಪಾಸಿಗೆ ಕುಸಿದು, ಬೂಸ್ಟ್ 5 ಪಿಎಸ್‌ಐಗೆ ಬರುತ್ತದೆ. 2018ರಿಂದ ಮಸ್ಟಾಂಗ್‌ಗೆ ಬಂದ ಹತ್ತು ವೇಗದ 10ಆರ್80ರಲ್ಲಿ ನಾಲ್ಕರಿಂದ ಐದಕ್ಕೆ ಹೋದಾಗ ಎಂಜಿನ್ 6000ದಲ್ಲೇ ಉಳಿಯುವುದರಿಂದ ಸುಮಾರು 9 ಪಿಎಸ್‌ಐ ಕೈಯಲ್ಲಿರುತ್ತದೆ. ಎರಡು ಕಾರುಗಳ ಗರಿಷ್ಠ ಅಶ್ವಶಕ್ತಿ ಒಂದೇ ಇದ್ದರೂ ಓಟದ ಸಮಯ ಬೇರೆಯಾಗುವುದಕ್ಕೆ ಇದಕ್ಕಿಂತ ದೊಡ್ಡ ಕಾರಣವನ್ನು ನಾನು ಕಂಡಿಲ್ಲ.

ಕೆಳಗಿನ ವೇಗದಲ್ಲಿ ಬೂಸ್ಟ್ ಇಲ್ಲದಿರುವುದು ಪೂರ್ತಿ ದೋಷವೇನಲ್ಲ. ಕೆಳಗಿನ ವೇಗದಲ್ಲೇ ಬೂಸ್ಟ್ ಕೊಡುವ ರೂಟ್ಸ್ ಮಾದರಿಯ ಸೂಪರ್‌ಚಾರ್ಜರ್ ಹೊರಡುವಾಗಲೇ ಟಯರ್‌ಗಳನ್ನು ಸುತ್ತಿಸಿಬಿಡುತ್ತದೆ. ಸೆಂಟ್ರಿಫ್ಯೂಗಲ್‌ನಲ್ಲಿ ಮೊದಲ 60 ಅಡಿಗಳನ್ನು ಹಿಡಿತ ತಪ್ಪದೆ ದಾಟುವುದು ಎಷ್ಟೋ ಸುಲಭ.

ಇನ್ನು ಬೆಲ್ಟ್. ವಿ-3 ಎಸ್‌ಐ ಒಳಗಿನ ಗೇರ್ ಅನುಪಾತ 3.60, ಡಿ-1ಎಸ್‌ಸಿಯದು 4.10. ಕ್ರ್ಯಾಂಕ್ (ಎಂಜಿನ್‌ನ ಮುಖ್ಯ ದಂಡ) ಪುಲ್ಲಿಯು ಸೂಪರ್‌ಚಾರ್ಜರ್ ಪುಲ್ಲಿಗಿಂತ ಎರಡು ಪಟ್ಟು ದೊಡ್ಡದಿದ್ದರೆ, 7000 ಆರ್‌ಪಿಎಂನಲ್ಲಿ ಮೊದಲನೆಯದರ ಇಂಪೆಲ್ಲರ್ ನಿಮಿಷಕ್ಕೆ 50,400 ಸುತ್ತು ತಿರುಗುತ್ತದೆ, ಎರಡನೆಯದರದ್ದು 57,400. ಅಂದರೆ ಅದೇ ಇಂಪೆಲ್ಲರ್ ವೇಗವನ್ನು ಪ್ರೋಚಾರ್ಜರ್‌ನಲ್ಲಿ ತುಸು ದೊಡ್ಡ ಪುಲ್ಲಿಯಿಂದಲೇ ಪಡೆಯಬಹುದು, ಮತ್ತು ಪುಲ್ಲಿ ದೊಡ್ಡದಾದಷ್ಟೂ ಬೆಲ್ಟ್‌ಗೆ ಹಿಡಿಯಲು ಹೆಚ್ಚು ಜಾಗ ಸಿಗುತ್ತದೆ. ಜಾಹೀರಾತುಗಳಲ್ಲಿ ಯಾರೂ ಎತ್ತಿ ಹೇಳದ ಈ ಅಂಶವೇ ನನ್ನ ಮಟ್ಟಿಗೆ ಎರಡರ ನಡುವಿನ ಮುಖ್ಯ ವ್ಯತ್ಯಾಸ.

ಬೆಲ್ಟ್ ಜಾರುತ್ತಿದೆಯೇ ಎಂದು ತಿಳಿಯಲು ಕಿವಿಯನ್ನು ನಂಬಬಾರದು, ಏಕೆಂದರೆ ಓಟದ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. ಡೇಟಾ ಲಾಗ್‌ನಲ್ಲಿ ಬೂಸ್ಟ್ ಗೆರೆ ಮೇಲಕ್ಕೆ ಬಾಗುತ್ತಾ ಹೋಗಬೇಕು. 6300ರ ನಂತರ ಅದು ಚಪ್ಪಟೆಯಾದರೆ ಅಥವಾ ಕೆಳಗೆ ತಿರುಗಿದರೆ, ಬಾನೆಟ್ ತೆರೆದು ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರ್‌ನ ಸುತ್ತ ಬೆರಳಾಡಿಸಿ ನೋಡಿ. ಕಾಡಿಗೆಯಂತಹ ನುಣುಪಾದ ರಬ್ಬರ್ ಪುಡಿ ಬೆರಳಿಗೆ ಅಂಟುತ್ತದೆ. ಎರಡೂ ಘಟಕಗಳಲ್ಲಿ ನನಗೆ ಆ ಪುಡಿ ಸಿಕ್ಕಿದೆ, ಮತ್ತು ಎರಡರಲ್ಲೂ ಪರಿಹಾರ ಒಂದೇ ಆಗಿತ್ತು: ಇನ್ನೂ ಚಿಕ್ಕ ಪುಲ್ಲಿ ಹಾಕುವ ಆಸೆಯನ್ನು ಬಿಟ್ಟು, ಹೆಚ್ಚು ಉಬ್ಬುಪಟ್ಟಿಗಳಿರುವ (ರಿಬ್) ಅಗಲವಾದ ಬೆಲ್ಟ್‌ಗೆ ಹೋಗುವುದು ಮತ್ತು ಬೆಲ್ಟಿನ ದಾರಿ ತಿರುಗಿಸುವ ಐಡ್ಲರ್ ಪುಲ್ಲಿ ಸೇರಿಸಿ ಚಿಕ್ಕ ಪುಲ್ಲಿಯ ಸುತ್ತ ಬೆಲ್ಟ್ ಅಪ್ಪುವ ಭಾಗವನ್ನು ಹೆಚ್ಚಿಸುವುದು. ಹಲ್ಲಿನ ಬೆಲ್ಟ್ ಜಾರುವುದಿಲ್ಲ ನಿಜ, ಆದರೆ ಪ್ರತಿ ಗೇರ್ ಬದಲಾವಣೆಯ ಹೊಡೆತವನ್ನೂ ಅದು ನೇರವಾಗಿ ಕ್ರ್ಯಾಂಕ್‌ಗೆ ದಾಟಿಸುತ್ತದೆ. ಆರಂಭದ ಕೊಯೋಟೆ ಎಂಜಿನ್‌ಗಳ (ನನ್ನ ಮಸ್ಟಾಂಗ್‌ನಲ್ಲಿರುವ 5 ಲೀಟರ್ ವಿ8) ಆಯಿಲ್ ಪಂಪ್ ಗೇರ್‌ಗಳು ಹೆಚ್ಚಿನ ಶಕ್ತಿಯಲ್ಲಿ ಬಿರುಕು ಬಿಡುವುದು ಎಲ್ಲರಿಗೂ ಗೊತ್ತಿರುವ ವಿಷಯವಾದ್ದರಿಂದ, ಗಟ್ಟಿ ಉಕ್ಕಿನಿಂದ ಕಡೆದ ಬಿಲ್ಲೆಟ್ ಗೇರ್‌ಗಳನ್ನು ಹಾಕಿಸದೆ ಆ ದಾರಿ ಹಿಡಿಯಬೇಡಿ. ಅಮೆರಿಕದ ಡ್ರ್ಯಾಗ್ ರೇಸಿಂಗ್ ಸಂಸ್ಥೆ ಎನ್‌ಎಚ್‌ಆರ್‌ಎಯ ಪ್ರೊ ಮಾಡ್ ವರ್ಗದಲ್ಲಿ ಪ್ರೋಚಾರ್ಜರ್ ಬಳಸುವವರು ಬೆಲ್ಟನ್ನೇ ಬಿಟ್ಟು ಕ್ರ್ಯಾಂಕ್‌ನಿಂದ ಗೇರ್ ಮೂಲಕ ಚಾಲನೆ ಪಡೆಯುವುದು ಸುಮ್ಮನೆ ಅಲ್ಲ.

ಗಾಳಿ ತಂಪು ಮಾಡುವ ವಿಧಾನದಲ್ಲಿ ಎರಡಕ್ಕೂ ತಮ್ಮದೇ ಬಲವಿದೆ. ನನ್ನ ವೋರ್ಟೆಕ್ ಕಿಟ್‌ನಲ್ಲಿದ್ದದ್ದು ನೀರಿನ ಇಂಟರ್‌ಕೂಲರ್. ಟ್ಯಾಂಕಿಗೆ ಐಸ್ ತುಂಬಿದರೆ ಮೊದಲ ಓಟ ಅದ್ಭುತವಾಗಿರುತ್ತದೆ, ಆದರೆ ಜುಲೈನ ಟೆಕ್ಸಸ್ ಬಿಸಿಲಿನಲ್ಲಿ ಸರದಿಯಲ್ಲಿ ಕಾಯುವಷ್ಟರಲ್ಲಿ ಐಸ್ ಕರಗಿ, ಮುಂದಿನ ಓಟಕ್ಕೆ ಬೆಚ್ಚಗಿನ ನೀರು ಉಳಿಯುತ್ತದೆ. ಪ್ರೋಚಾರ್ಜರ್‌ನ ಗಾಳಿ ಇಂಟರ್‌ಕೂಲರ್ ಹೊರಗಿನ ಉಷ್ಣತೆಗಿಂತ ಕೆಳಗೆ ಎಂದೂ ಇಳಿಸಲಾರದು. ಬದಲಿಗೆ ಸಂಜೆಯ ಕೊನೆಯ ಓಟವೂ ಮೊದಲನೆಯದರ ಹಾಗೆಯೇ ಇರುತ್ತದೆ. ಸೋತವರು ಹೊರಬೀಳುವ ಎಲಿಮಿನೇಷನ್ ಸುತ್ತುಗಳಲ್ಲಿ ಸ್ಪರ್ಧಿಸುವ ನನಗೆ ಈ ಸ್ಥಿರತೆಯೇ ಮುಖ್ಯ. ಒಂದೇ ಒಂದು ಉತ್ತಮ ಸಮಯ ಬೇಕೆನ್ನುವವರು ಐಸ್ ಕಡೆಗೇ ಹೋಗಬೇಕು.

ಎರಡೂ ಘಟಕಗಳು ತಮ್ಮದೇ ಎಣ್ಣೆಯನ್ನು ಒಳಗಿಟ್ಟುಕೊಂಡಿರುವುದರಿಂದ ಎಂಜಿನ್‌ನ ಆಯಿಲ್ ಪ್ಯಾನ್‌ಗೆ ರಂಧ್ರ ಕೊರೆಯುವ ಕೆಲಸವಿಲ್ಲ. ಹಿಡಿಯುವ ಎಣ್ಣೆ ಬಹಳ ಕಡಿಮೆ. ಪಥದಲ್ಲಿ ಓಡುವವರು ಕೈಪಿಡಿಯ ಅವಧಿಗೆ ಕಾಯದೆ ಬದಲಿಸುವುದು ಒಳ್ಳೆಯದು. ಡೆನ್ಮಾರ್ಕ್‌ನ ರೋಟ್ರೆಕ್ಸ್ ಗೇರ್ ಹಲ್ಲುಗಳ ಬದಲು ಉರುಳೆಗಳಿಂದ ತಿರುಗುವುದರಿಂದ ಹೆಚ್ಚು ಮೌನವಾಗಿರುತ್ತದೆ, ಆದರೆ ಅದರ ನಿಜವಾದ ಜಾಗ ಚಿಕ್ಕ ಎಂಜಿನ್‌ಗಳಲ್ಲಿ.

ಆರು ವೇಗದ ಗೇರ್‌ಬಾಕ್ಸ್ ಇರುವ 5 ಲೀಟರ್ ಕಾರಿಗೆ ಇಂದು ಕೊಳ್ಳುವುದಾದರೆ ನಾನು ಡಿ-1ಎಸ್‌ಸಿಯನ್ನೇ ಆರಿಸುತ್ತೇನೆ, ಮತ್ತು ಅದರ ಮೇಲಿನ ಎಫ್-1 ಶ್ರೇಣಿಗೆ ಕೊಡಬೇಕಾದ ಹೆಚ್ಚುವರಿ ಹಣವನ್ನು ಎಂಜಿನ್‌ನ ಬಲವನ್ನು ಗೇರ್‌ಬಾಕ್ಸ್‌ಗೆ ದಾಟಿಸುವ ಟಾರ್ಕ್ ಕನ್ವರ್ಟರ್‌ಗೆ ಹಾಕುತ್ತೇನೆ. ಹತ್ತು ವೇಗದ ಕಾರು ಈಗಾಗಲೇ ಇದ್ದವರಿಗೆ ವಿ-3 ಎಸ್‌ಐ ಕೂಡ ಧಾರಾಳವಾಗಿ ಸಾಕು.