ಒಂದು ಜೊತೆ ರನ್ನಿಂಗ್ ಶೂ, 14 ತಿಂಗಳು, 810 ಕಿಲೋಮೀಟರ್: ಹುಬ್ಬಳ್ಳಿಯ ನವನಗರದಿಂದ ನನ್ನ ಅನುಭವ

ಶೂ ಕೊಂಡ ವಾರದಲ್ಲೇ ಬರೆದ ವಿಮರ್ಶೆಗಳನ್ನು ನಂಬಿ ನಾನು ಎರಡು ಸಲ ದುಡ್ಡು ಕಳೆದುಕೊಂಡಿದ್ದೇನೆ. ಹೊಸದರಲ್ಲಿ ಎಲ್ಲಾ ಶೂ ಮೆತ್ತಗೇ ಇರುತ್ತವೆ, ಅಲ್ವಾ? ಮಳೆಗಾಲ ಒಂದು, ಬೇಸಿಗೆ ಒಂದು ಕಳೆದ ಮೇಲೆ ಏನಾಗುತ್ತದೆ ಅಂತ ಯಾರೂ ಬರೆಯುವುದಿಲ್ಲ. ಹಾಗಾಗಿ ಈ ಶೂ ಪೂರ್ತಿ ಸವೆದು ಮುಗಿದ ಮೇಲೆ ಬರೆಯೋಣ ಅಂತ ಕಾದೆ.

ಕಂಪನಿ ಹೆಸರು ಹಾಕುತ್ತಿಲ್ಲ. ಇಂಥ ಶೂಗಳನ್ನು ಐದಾರು ಕಂಪನಿಗಳು ಮಾಡುತ್ತವೆ, ಒಳಗಿನ ಮಾಲು ಹೆಚ್ಚು ಕಡಿಮೆ ಒಂದೇ. ದಿನದ ಓಟಕ್ಕೆ ಅಂತ ಮಾಡಿದ ಸಾಧಾರಣ ಶೂ. ಕಾಲಿನ ಕೆಳಗೆ ಮೆತ್ತೆಯಾಗಿ ಇವಿಎ ಅನ್ನುವ ಹಗುರ ಪ್ಲಾಸ್ಟಿಕ್ ಫೋಮ್, ಹಿಮ್ಮಡಿಯ ಕಡೆ ಬೆರಳುಗಳ ಕಡೆಗಿಂತ 8 ಮಿಲಿಮೀಟರ್ ಎತ್ತರ, ಒಂದೊಂದು ಸುಮಾರು 280 ಗ್ರಾಂ. 2024ರ ಜನವರಿಯಲ್ಲಿ 4,799 ರೂಪಾಯಿ ಕೊಟ್ಟೆ. ಕಾರ್ಬನ್ ಪ್ಲೇಟು, ಹದಿನೈದು ಸಾವಿರದ ಶೂ, ಅವೆಲ್ಲ ಇಲ್ಲಿಲ್ಲ. ವಾರಕ್ಕೆ ಮೂರು ನಾಲ್ಕು ದಿನ ಓಡುವ ನಮ್ಮಂಥವರಿಗೆ ಅವು ಬೇಕಾಗಿಯೂ ಇಲ್ಲ.

ನನಗೆ 44 ವರ್ಷ, ಬ್ಯಾಂಕಿನಲ್ಲಿ ಕೆಲಸ, ಮನೆ ನವನಗರ. ಓಟ ಶುರು ಮಾಡಿ ನಾಲ್ಕು ವರ್ಷ ಆಯಿತು. ಮೊದಲ ತಿಂಗಳು ಒಂದೂವರೆ ಕಿಲೋಮೀಟರ್ ಕೂಡ ನಿಲ್ಲದೆ ಓಡಲು ಆಗುತ್ತಿರಲಿಲ್ಲ. ಹುಬ್ಬಳ್ಳಿಯ ಸಿದ್ಧಾರೂಢ ನಿಲ್ದಾಣದ ಆ ಉದ್ದದ ಪ್ಲಾಟ್‌ಫಾರ್ಮ್ 1,507 ಮೀಟರ್ ಇದೆ, ಅದರ ಈ ತುದಿಯಿಂದ ಆ ತುದಿಯಷ್ಟು ಓಡಬೇಕು ಅನ್ನುವುದೇ ಆಗ ನನ್ನ ಗುರಿ. ಈಗ ಭಾನುವಾರ ಹತ್ತು ಹನ್ನೆರಡು ಕಿಲೋಮೀಟರ್ ಆರಾಮಾಗಿ ಆಗುತ್ತದೆ. ವಾರದ ದಿನ ಉಣಕಲ್ ಕೆರೆ ಕಡೆ, ಒಮ್ಮೊಮ್ಮೆ ನೃಪತುಂಗ ಬೆಟ್ಟ, ಭಾನುವಾರ ಧಾರವಾಡಕ್ಕೆ ಹೋಗಿ ಕರ್ನಾಟಕ ವಿಶ್ವವಿದ್ಯಾಲಯದ ಆವರಣ ಅಥವಾ ಕೆಲಗೇರಿ ಕೆರೆ. ಈ ಶೂ ನೋಡಿದ್ದು ಇಷ್ಟೇ ಊರು.

ಸೈಜಿನಿಂದ ಶುರು ಮಾಡುತ್ತೇನೆ. ನನ್ನ ಹಿಂದಿನ ಶೂ ಕೆಟ್ಟದ್ದೇನಲ್ಲ, ಆದರೆ ಕಾಲಿಗೆ ಸರಿಯಾಗಿ ಕೂರುವ ನಂಬರ್ ತೆಗೆದುಕೊಂಡುಬಿಟ್ಟಿದ್ದೆ. ಮುಂದೆ ತಾಗುತ್ತಿದೆ ಅಂದಾಗ ಅಂಗಡಿಯವರು "ಹಾಕ್ಕೋತ ಹಾಕ್ಕೋತ ಸಡಿಲ ಆಗ್ತೈತ್ರಿ ಮೇಡಂ" ಅಂದರು. ಸಡಿಲ ಆಗಲಿಲ್ಲ. ಎರಡು ತಿಂಗಳಲ್ಲಿ ಎರಡೂ ಹೆಬ್ಬೆರಳಿನ ಉಗುರು ಕಪ್ಪಾದವು, ಒಂದು ಬಿದ್ದೇ ಹೋಯಿತು. ಇಳಿಜಾರಿನಲ್ಲಿ ಓಡುವಾಗ ಕಾಲು ಶೂ ಒಳಗೆ ಮುಂದಕ್ಕೆ ಜಾರುತ್ತದೆ, ಪ್ರತಿ ಹೆಜ್ಜೆಗೂ ಉಗುರು ಗೋಡೆಗೆ ಗುದ್ದಿದ ಹಾಗೆ. ಧಾರವಾಡದಲ್ಲಿ ಇಳಿಜಾರು ಇಲ್ಲದ ರಸ್ತೆ ಎಲ್ಲಿದೆ ಹೇಳಿ.

ಈ ಸಲ ಸಂಜೆ ಹೋದೆ. ದಿನವಿಡೀ ನಿಂತು ಕೂತು ಮಾಡಿದ ಮೇಲೆ ಪಾದ ಸ್ವಲ್ಪ ಊದಿರುತ್ತದೆ, ಓಡುವಾಗ ಊದುವುದೂ ಹಾಗೇ. ಓಡುವಾಗ ಹಾಕುವ ಸಾಕ್ಸನ್ನೇ ಜೊತೆಗೆ ಒಯ್ದಿದ್ದೆ. ನಿಂತು ನೋಡಿದಾಗ ಎಲ್ಲಕ್ಕಿಂತ ಉದ್ದದ ಬೆರಳಿನ ಮುಂದೆ ಒಂದು ಹೆಬ್ಬೆಟ್ಟಿನ ಅಗಲ ಜಾಗ ಇರಬೇಕು. ಕೆಲವರಿಗೆ ಉದ್ದದ ಬೆರಳು ಎರಡನೆಯದು, ಅದನ್ನೂ ನೋಡಿಕೊಳ್ಳಿ. ಚಪ್ಪಲಿಗೆ 6 ನಂಬರ್ ಆಗುವ ನನಗೆ 7 ಬಂತು. ಇನ್ನೊಂದು ವಿಷಯ ಹೆಂಗಸರಿಗೆ ಉಪಯೋಗಕ್ಕೆ ಬರಬಹುದು. ಹುಟ್ಟಿದಾಗಿನಿಂದ ಚಪ್ಪಲಿ ಹಾಕಿ ಬೆಳೆದ ಪಾದ ನನ್ನದು, ಮುಂದೆ ಅಗಲ. ಲೇಡೀಸ್ ಶೂಗಳು ಸಾಮಾನ್ಯವಾಗಿ ಕಿರಿದಾಗಿ ಬರುತ್ತವೆ. ಅದೇ ಮಾಡೆಲ್‌ನ ಗಂಡಸರ ಶೂ ಹಾಕಿ ನೋಡಿದೆ, ಕಿರುಬೆರಳು ಮೊದಲ ಸಲ ಉಸಿರಾಡಿದ ಹಾಗಾಯಿತು. ಬಣ್ಣ ಬೂದಿ, ಇರಲಿ.

ಪಾದ ಚಪ್ಪಟೆ ಇದೆ, ಅದಕ್ಕೇ ಬೇರೆ ದುಬಾರಿ ಶೂ ಬೇಕು ಅಂತಲೂ ಅಂಗಡಿಯವರು ಹೇಳಿದರು. ನಾನು ಅಂಗಡಿಯ ಎದುರು ರಸ್ತೆ ಬದಿಯಲ್ಲಿ ಎರಡನ್ನೂ ಹಾಕಿ ಎರಡೆರಡು ನಿಮಿಷ ಓಡಿ ನೋಡಿದೆ. ಎಲ್ಲೂ ಚುಚ್ಚದೆ, ಒತ್ತದೆ, ಕಾಲಲ್ಲಿ ಶೂ ಇದೆ ಅನ್ನುವುದೇ ಮರೆತು ಹೋಗುವಂಥದ್ದನ್ನು ತಗೊಂಡೆ. ಮೊದಲಿಂದಲೂ ನೋವೇನೂ ಇಲ್ಲದವರು ಹೀಗೇ ಆರಿಸಿದರೆ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಮೊದಲ ನೂರು ಕಿಲೋಮೀಟರ್‌ನಲ್ಲಿ ಒಂದೇ ತೊಂದರೆ, ಹಿಮ್ಮಡಿ ಎದ್ದು ಎದ್ದು ಉಜ್ಜುತ್ತಿತ್ತು. ಲೇಸ್ ಎಷ್ಟು ಬಿಗಿದರೂ ಅಷ್ಟೇ, ಮೇಲೆ ಪಾದ ಮರಗಟ್ಟುತ್ತಿತ್ತು ಅಷ್ಟೇ ಲಾಭ. ಆಮೇಲೆ ಗೊತ್ತಾಯಿತು, ಪಾದದ ಗಂಟಿನ ಹತ್ತಿರ ಇರುವ ಆ ಕೊನೆಯ ತೂತು ಸುಮ್ನೆ ಇಟ್ಟದ್ದಲ್ಲ ಅಂತ. ಲೇಸನ್ನು ಅಡ್ಡ ಹಾಕದೆ ಅದೇ ಬದಿಯ ಕೊನೆಯ ತೂತಿಗೆ ಹಾಕಿ, ಹೊರಗೆ ಒಂದು ಸಣ್ಣ ಕುಣಿಕೆ ಬಿಡಬೇಕು. ಎರಡೂ ಬದಿ ಹೀಗೆ ಮಾಡಿ, ಬಲಗಡೆ ಲೇಸ್ ಎಡ ಕುಣಿಕೆಯೊಳಗೆ, ಎಡಗಡೆಯದು ಬಲ ಕುಣಿಕೆಯೊಳಗೆ ತೂರಿಸಿ ಕೆಳಕ್ಕೆ ಎಳೆದು ಕಟ್ಟಬೇಕು. ಹಿಮ್ಮಡಿ ಗಟ್ಟಿ ಕೂರುತ್ತದೆ, ಬೆರಳುಗಳ ಕಡೆ ಸಡಿಲವೇ ಇರುತ್ತದೆ. ಅದರ ಜೊತೆಗೆ ಕಾಟನ್ ಸಾಕ್ಸ್ ಬಿಟ್ಟೆ. ಕಾಟನ್ ಬೆವರು ಹೀರಿ ಒದ್ದೆಯಾಗೇ ಉಳಿಯುತ್ತದೆ, ಒದ್ದೆ ಚರ್ಮ ಉಜ್ಜಿದರೆ ಗುಳ್ಳೆ ಏಳುತ್ತದೆ. ಪಾಲಿಯೆಸ್ಟರ್ ಸಾಕ್ಸ್‌ಗೆ ಬಂದ ಮೇಲೆ ಗುಳ್ಳೆ ಎದ್ದದ್ದು ನೆನಪಿಲ್ಲ.

ಏಪ್ರಿಲ್‌ನಲ್ಲಿ ನನ್ನದೇ ತಪ್ಪಿನಿಂದ ಒಂದು ಅನಾಹುತ ಆಯಿತು. ಶೂ ತೊಳೆದು ಬೇಗ ಒಣಗಲಿ ಅಂತ ಟೆರೇಸ್ ಮೇಲೆ ಇಟ್ಟು ಬ್ಯಾಂಕಿಗೆ ಹೋದೆ. ನಮ್ಮ ಕಡೆ ಏಪ್ರಿಲ್ ಬಿಸಿಲು ಗೊತ್ತಲ್ಲ, ಸಿಮೆಂಟಿನ ಮೇಲೆ ಬರಿಗಾಲು ಇಡಲಾಗುವುದಿಲ್ಲ. ಸಂಜೆ ಬಂದು ನೋಡಿದರೆ ಬಲ ಶೂನ ಮುಂಭಾಗದಲ್ಲಿ ಅಂಟು ಬಿಟ್ಟು ಅಟ್ಟೆ ಬಾಯಿ ತೆರೆದಿತ್ತು. ಹುಬ್ಬಳ್ಳಿಯಲ್ಲಿ ಚಪ್ಪಲಿ ಹೊಲಿಯುವ ಒಬ್ಬ ಹಿರಿಯರ ಹತ್ತಿರ ಒಯ್ದೆ. ಅವರು ಶೂ ಕೈಗೆ ತಗೊಂಡವರೇ "ಬಿಸಲಾಗ ಇಟ್ಟಿದ್ರೇನ್ರಿ?" ಅಂತ ಕೇಳಿದರು. ಹಳೆ ಅಂಟನ್ನು ಅರದಿಂದ ಉಜ್ಜಿ ತೆಗೆದು, ಹೊಸ ಅಂಟು ಎರಡೂ ಕಡೆ ಹಚ್ಚಿ, ತಕ್ಷಣ ಕೂಡಿಸದೆ ಹತ್ತು ನಿಮಿಷ ಹಾಗೇ ಬಿಟ್ಟರು. ಅಂಟು ಕೈಗೆ ಹತ್ತದ ಹಾಗೆ ಆದ ಮೇಲೆ ಒತ್ತಿ, ಸುತ್ತಿಗೆಯಿಂದ ತಟ್ಟಿ, ಒಂದು ದಿನ ಹಾಕಬೇಡಿ ಅಂದರು. ಅರವತ್ತು ರೂಪಾಯಿ. ಆ ಜಾಗ ಮುಂದೆ ಹನ್ನೊಂದು ತಿಂಗಳು ಬಿಡಲಿಲ್ಲ.

ಆವತ್ತಿಂದ ಶೂ ಒಣಗುವುದು ಹಿಂದಿನ ವರಾಂಡದ ನೆರಳಲ್ಲಿ. ಒಳಗಿನ ಅಟ್ಟೆ ಹೊರಗೆ ತೆಗೆದಿಟ್ಟು, ಶೂ ಒಳಗೆ ನ್ಯೂಸ್ ಪೇಪರ್ ತುರುಕುತ್ತೇನೆ, ಒಂದು ಗಂಟೆ ಬಿಟ್ಟು ಪೇಪರ್ ಬದಲಿಸುತ್ತೇನೆ. ರಾತ್ರಿ ಫ್ಯಾನ್ ಕೆಳಗೆ ಇಟ್ಟರೆ ಬೆಳಿಗ್ಗೆ ಹೊತ್ತಿಗೆ ಮುಕ್ಕಾಲು ಪಾಲು ಒಣಗಿರುತ್ತದೆ. ವಾಷಿಂಗ್ ಮಷೀನ್ ಬೇಡವೇ ಬೇಡ.

ಮಳೆಗಾಲದ ಮಾತು ಬೇರೆ. ಧಾರವಾಡದ ಕಡೆ ಕೆಂಪು ಮಣ್ಣು, ಹುಬ್ಬಳ್ಳಿಯಿಂದ ಕುಂದಗೋಳ, ನವಲಗುಂದದ ಕಡೆ ಹೋದಷ್ಟೂ ಎರೆಮಣ್ಣು. ಕೆಂಪು ಮಣ್ಣಿನ ಕಚ್ಚಾ ದಾರಿ ಈ ಶೂಗೆ ಹೇಳಿ ಮಾಡಿಸಿದ ಹಾಗಿತ್ತು, ಟಾರಿಗಿಂತ ಮೆತ್ತಗೆ, ಮಳೆ ನಿಂತು ಅರ್ಧ ದಿನಕ್ಕೆ ಓಡಬಹುದು. ಎರೆ ಹಾಗಲ್ಲ. ಎರೆ ಹೊಲದ ಬದುವಿನಲ್ಲಿ ನಡೆದವರಿಗೆ ಗೊತ್ತು, ಹತ್ತು ಹೆಜ್ಜೆಗೆ ಕಾಲಿಗೆ ಅರ್ಧ ಕಿಲೋ ಮಣ್ಣು ಅಂಟುತ್ತದೆ. ರಸ್ತೆ ಶೂನ ಕೆಳಗಿನ ಗೆರೆಗಳು ಆಳವಿಲ್ಲ, ಅವು ತುಂಬಿಕೊಂಡ ಮೇಲೆ ಸಾಬೂನಿನ ಮೇಲೆ ನಿಂತ ಹಾಗೆ. ಜುಲೈನಲ್ಲಿ ಒಂದು ಸಲ ರಾಯನಾಳದ ಕಡೆ ದಾರಿ ಬಿಟ್ಟು ಇಳಿದು ಬಿದ್ದೆ, ಮೊಣಕೈ ತರಚಿತು. ಮಳೆಗಾಲದಲ್ಲಿ ಎರೆ ದಾರಿ ಬಿಟ್ಟುಬಿಡಿ, ಇದಕ್ಕೆ ಯಾವ ಶೂ ಕೂಡ ಉತ್ತರವಲ್ಲ. ಅಂಟಿದ ಎರೆಯನ್ನು ಹಸಿ ಇದ್ದಾಗ ಉಜ್ಜಲು ಹೋಗಬೇಡಿ, ಬಟ್ಟೆಯ ಜಾಲರಿಯೊಳಗೆ ಇನ್ನಷ್ಟು ಇಳಿಯುತ್ತದೆ. ನೆರಳಲ್ಲಿ ಒಣಗಿಸಿ, ಎರಡೂ ಶೂಗಳ ಅಟ್ಟೆ ಒಂದಕ್ಕೊಂದು ಬಡಿದರೆ ಹೆಂಟೆ ಹೆಂಟೆಯಾಗಿ ಉದುರುತ್ತದೆ, ಉಳಿದದ್ದಕ್ಕೆ ಹಳೆ ಟೂತ್ ಬ್ರಷ್. ಪಾಚಿ ಕಟ್ಟಿದ ಇಂಟರ್‌ಲಾಕ್ ಕಲ್ಲಿನ ಮೇಲೂ ಈ ಶೂ ಜಾರುತ್ತದೆ, ಕೆರೆ ದಂಡೆಯಲ್ಲಿ ಓಡುವವರು ಅಲ್ಲಿ ನಡೆಯುವುದೇ ಒಳ್ಳೆಯದು.

ಇಷ್ಟೆಲ್ಲ ಆಗಿಯೂ ಹೊರಗಿನಿಂದ ನೋಡಿದರೆ ಶೂ ಚೆನ್ನಾಗೇ ಇತ್ತು. ನಿಜವಾದ ವಿಷಯ ಇರುವುದು ಇಲ್ಲೇ.

2025ರ ಜನವರಿ ಹೊತ್ತಿಗೆ 650 ಕಿಲೋಮೀಟರ್ ದಾಟಿತ್ತು. ಎಡಗಾಲಿನ ಮುಂಗಾಲ ಮೂಳೆಯ ಒಳಬದಿ, ಪಾದದ ಗಂಟಿನಿಂದ ಮೇಲೆ ಒಂದು ಗೇಣಿನಷ್ಟು, ನೋವು ಶುರುವಾಯಿತು. ಓಟದ ಮೊದಲ ಹತ್ತು ನಿಮಿಷ ಜಾಸ್ತಿ, ಆಮೇಲೆ ಕಡಿಮೆ, ಮರುದಿನ ಬೆಳಿಗ್ಗೆ ಮೆಟ್ಟಿಲು ಇಳಿಯುವಾಗ ಮತ್ತೆ. ವಯಸ್ಸಾಯಿತು ಅಂದುಕೊಂಡೆ. ಬೆಟ್ಟ ಬಿಟ್ಟೆ, ವೇಗ ಕಡಿಮೆ ಮಾಡಿದೆ, ಎಣ್ಣೆ ತಿಕ್ಕಿದೆ. ಆರು ವಾರ ಹೀಗೇ ಕಳೆಯಿತು. ಕೊನೆಗೆ ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಹೋದರೆ ಅವರು ಕಾಲು ನೋಡಿ, ಮೂಳೆ ಉದ್ದಕ್ಕೂ ಒತ್ತಿ ನೋಡಿ, "ಬೂಟ್ ಎಲ್ಲಿ ಅದಾವ್ರಿ?" ಅಂದರು.

ಶೂ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಲು ಹೇಳಿದರು. ಎಡ ಶೂ ಒಳಗಡೆಗೆ ವಾಲಿತ್ತು. ದಿನಾ ಹಾಕುವ ನನ್ನ ಕಣ್ಣಿಗೆ ಅದು ಒಮ್ಮೆಯೂ ಬಿದ್ದಿರಲಿಲ್ಲ. ಪಕ್ಕದ ಬಿಳಿ ಫೋಮಿನ ಮೇಲೆ ಅಡ್ಡಡ್ಡ ಸುಕ್ಕುಗಳು, ಅಜ್ಜಿಯ ಕೈ ಹಾಗೆ. ಹೆಬ್ಬೆಟ್ಟಿನಿಂದ ಫೋಮ್ ಒತ್ತಿದರೆ ಹೊಸದರಲ್ಲಿ ಒಳಗೆ ಹೋಗಿ ಪುಟಿದು ಬರಬೇಕು, ಇದು ಗಟ್ಟಿ ಹಲಗೆಯಾಗಿತ್ತು. ಕೆಳಗಿನ ರಬ್ಬರು ಮಾತ್ರ ಹಿಮ್ಮಡಿಯ ಹೊರ ಅಂಚು ಬಿಟ್ಟರೆ ಎಲ್ಲಾ ಕಡೆ ಇನ್ನೂ ಹೊಸದರ ಹಾಗೇ. ಆ ರಬ್ಬರು ನೋಡಿಯೇ ನಾನು ಮೋಸ ಹೋಗಿದ್ದು.

ಇವಿಎ ಫೋಮಿನೊಳಗೆ ಸಣ್ಣ ಸಣ್ಣ ಗಾಳಿ ಗೂಡುಗಳಿರುತ್ತವೆ. ಓಡುವಾಗ ಪ್ರತಿ ಹೆಜ್ಜೆಗೆ ದೇಹದ ತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ, ಗೂಡುಗಳು ಕುಗ್ಗಿ ಮತ್ತೆ ಹಿಗ್ಗುತ್ತವೆ. ನನ್ನ ನಿಧಾನದ ಓಟದಲ್ಲಿ ಕಿಲೋಮೀಟರಿಗೆ ಸುಮಾರು 1,200 ಹೆಜ್ಜೆ, ಒಂದೊಂದು ಕಾಲಿಗೆ 600. ಲೆಕ್ಕ ಹಾಕಿದರೆ 810 ಕಿಲೋಮೀಟರಿಗೆ ಒಂದೊಂದು ಶೂ ನಾಲ್ಕೂ ಮುಕ್ಕಾಲು ಲಕ್ಷಕ್ಕೂ ಜಾಸ್ತಿ ಸಲ ಈ ಭಾರ ಹೊತ್ತಿದೆ. ಒಂದು ಹಂತದ ಮೇಲೆ ಗೂಡುಗಳು ಹಿಗ್ಗುವುದೇ ಇಲ್ಲ. ಇಂಥ ಶೂ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ ಅಂತಾರೆ, ತೂಕ, ರಸ್ತೆ, ಓಡುವ ರೀತಿ ನೋಡಿಕೊಂಡು ಹೆಚ್ಚು ಕಡಿಮೆ ಆಗುತ್ತದೆ. 68 ಕಿಲೋ ತೂಕದ ನನಗೆ ಅದು 650ಕ್ಕೇ ಮುಗಿದಿತ್ತು, ಉಳಿದ 160 ಸುಮ್ನೆ ಎಳೆದದ್ದು.

ತಪ್ಪೆಲ್ಲಾ ಶೂ ಮೇಲೆ ಹಾಕುವುದೂ ನ್ಯಾಯವಲ್ಲ. ಅದೇ ಜನವರಿಯಲ್ಲಿ ಹಾಫ್ ಮ್ಯಾರಥಾನ್ ಆಸೆಗೆ ಬಿದ್ದು ವಾರಕ್ಕೆ 14 ಕಿಲೋಮೀಟರ್ ಇದ್ದದ್ದನ್ನು ಮೂರೇ ವಾರದಲ್ಲಿ 26ಕ್ಕೆ ಒಯ್ದಿದ್ದೆ. ಉಸಿರು ಬೇಗ ಹೊಂದಿಕೊಳ್ಳುತ್ತದೆ, ಮೂಳೆ ಮತ್ತು ಸ್ನಾಯುರಜ್ಜು ತಿಂಗಳುಗಟ್ಟಲೆ ತಗೊಳ್ಳುತ್ತವೆ. ಸತ್ತ ಫೋಮ್, ಏಕಾಏಕಿ ಹೆಚ್ಚಿದ ದೂರ, ಎರಡೂ ಕೂಡಿಬಂದವು. ಈಗ ಎರಡು ವಾರಕ್ಕೊಮ್ಮೆ ಒಂದೆರಡು ಕಿಲೋಮೀಟರ್ ಏರಿಸುತ್ತೇನೆ, ನಾಲ್ಕನೆಯ ವಾರ ಇಳಿಸುತ್ತೇನೆ. ಹೆಚ್ಚಿನ ಓಟಗಳು ಪಕ್ಕದವರ ಜೊತೆ ಪೂರ್ತಿ ವಾಕ್ಯದಲ್ಲಿ ಮಾತಾಡಲು ಆಗುವಷ್ಟು ನಿಧಾನ. ವಿಶ್ವವಿದ್ಯಾಲಯದ ಏರಿನಲ್ಲಿ ಮಾತು ನಿಂತರೆ ನಡೆಯುತ್ತೇನೆ, ನಾಚಿಕೆ ಏನೂ ಇಲ್ಲ.

ನೋವಿನ ಬಗ್ಗೆ ಫಿಸಿಯೋ ಹೇಳಿದ ಒಂದು ಮಾತು ಎಲ್ಲರೂ ತಿಳಿದಿರಬೇಕು. ಮೂಳೆಯ ಉದ್ದಕ್ಕೂ ಹರಡಿದ ನೋವು ಸಾಮಾನ್ಯವಾಗಿ ವಿಶ್ರಾಂತಿಗೆ ಬಗ್ಗುತ್ತದೆ. ಒಂದೇ ಬೆರಳ ತುದಿಯಿಂದ ತೋರಿಸಬಹುದಾದ ಜಾಗದಲ್ಲಿ ನೋವಿದ್ದರೆ, ಓಡಿದಷ್ಟೂ ಹೆಚ್ಚಾದರೆ, ರಾತ್ರಿ ಮಲಗಿದಾಗಲೂ ಇದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಇರಬಹುದು. ಓಟ ನಿಲ್ಲಿಸಿ ಮೂಳೆ ಡಾಕ್ಟರ್ ಹತ್ತಿರ ಹೋಗಿ. ನನ್ನದು ಹರಡಿದ ನೋವು, ಎರಡು ವಾರ ಓಟ ಬಿಟ್ಟು ನಡೆದೆ, ಹಿಂಗಾಲಿನ ಮೀನಖಂಡಕ್ಕೆ ವ್ಯಾಯಾಮ ಮಾಡಿದೆ, ಹೊಸ ಶೂ ಹಾಕಿದೆ. ಏಪ್ರಿಲ್ ಕೊನೆಗೆ ನೋವಿರಲಿಲ್ಲ.

ಹೊಸದು ಅಂದೆನಲ್ಲ, ಅದೇ ಮಾಡೆಲ್‌ನ ಹೊಸ ಆವೃತ್ತಿಯನ್ನೇ ಕೊಂಡೆ. 4,799ನ್ನು 810ರಿಂದ ಭಾಗಿಸಿದರೆ ಕಿಲೋಮೀಟರಿಗೆ ಆರು ರೂಪಾಯಿಗೂ ಸ್ವಲ್ಪ ಕಡಿಮೆ. ನನಗೆ ಇದು ನ್ಯಾಯವಾದ ಬೆಲೆ ಅನಿಸಿತು, ಐದರಲ್ಲಿ ನಾಲ್ಕು ಕೊಡುತ್ತೇನೆ. ಒಂದು ಅಂಕ ಹಿಡಿದದ್ದು ಒದ್ದೆ ಕಲ್ಲಿನ ಮೇಲೆ ಜಾರುವುದಕ್ಕೆ. ಮೇಲಿನ ಜಾಲರಿ 14 ತಿಂಗಳಲ್ಲಿ ಎಲ್ಲೂ ಹರಿಯಲಿಲ್ಲ, ಹಿಮ್ಮಡಿಯ ಹಿಂದಿನ ಹೊಳೆಯುವ ಪಟ್ಟಿ ಬೆಳಗಿನ ಐದೂವರೆಯ ಕತ್ತಲಲ್ಲಿ ಈಗಲೂ ಹೊಳೆಯುತ್ತದೆ. ಆದರೂ ಎದುರು ಬರುವ ಗಾಡಿ ಕಾಣುವ ಹಾಗೆ ರಸ್ತೆಯ ಬಲಬದಿಯಲ್ಲೇ ಓಡಿ.

ಹೊಸ ಜೊತೆಯ ನಾಲಗೆಯ ಒಳಗೆ ಮಾರ್ಕರ್ ಪೆನ್ನಿನಿಂದ ತಾರೀಕು ಬರೆದಿದ್ದೇನೆ: 22-3-25. ಪ್ರತಿ ಭಾನುವಾರ ಕ್ಯಾಲೆಂಡರಿನಲ್ಲಿ ವಾರದ ಕಿಲೋಮೀಟರ್ ಬರೆಯುತ್ತೇನೆ, ಇಲ್ಲಿಯವರೆಗೆ 410. ಐನೂರು ದಾಟಿದ ಮೇಲೆ ತಿಂಗಳಿಗೊಮ್ಮೆ ಮೇಜಿನ ಮೇಲಿಟ್ಟು ಹಿಂದಿನಿಂದ ನೋಡುತ್ತೇನೆ. ಹಳೆಯದನ್ನು ನಮ್ಮ ಅಣ್ಣ ಅಣ್ಣಿಗೇರಿಗೆ ಒಯ್ದ, ಹೊಲಕ್ಕೆ ಹೋಗುವಾಗ ಹಾಕುತ್ತಾನೆ. ಆ ಅರವತ್ತು ರೂಪಾಯಿಯ ಅಂಟು ಇನ್ನೂ ಬಿಟ್ಟಿಲ್ಲವಂತೆ.