ಲ್ಯುಬ್ಲಿಯಾನಾ, ಷ್ಕೋಫ್ಯಾ ಲೋಕಾ, ಪಿರಾನ್: ಯಾವ ನಡಿಗೆಗೆ ಕಾಲು ಸವೆಸಬೇಕು?

ಸ್ಲೊವೇನಿಯಾಕ್ಕೆ ಎಂಟು ದಿನಕ್ಕೆಂದು ಅಮ್ಮನ ಜೊತೆ ಹೋಗಿದ್ದೆ. ನನಗೆ ಹಳೆಯ ಊರುಗಳ ಹುಚ್ಚು, ಅಮ್ಮನಿಗೆ ಮೊಣಕಾಲು ನೋವು. ಹಾಗಾಗಿ ಗೈಡ್ ಜೊತೆಗಿನ ನಡಿಗೆಗಳನ್ನು ಆರಿಸುವಾಗ ಇಬ್ಬರಿಗೂ ಹೊಂದುವುದು ಯಾವುದು ಎಂದು ಬಹಳ ಯೋಚಿಸಿದ್ದೆ. ಹೋಗಿ ಬಂದ ಮೇಲೆ ನನ್ನ ಲೆಕ್ಕವೆಲ್ಲ ತಲೆಕೆಳಗಾಯಿತು.

ಮೊದಲು ರಾಜಧಾನಿ ಲ್ಯುಬ್ಲಿಯಾನಾ. ಮುಂಗಡ ಹಣವಿಲ್ಲ, ಕೊನೆಯಲ್ಲಿ ತೋಚಿದಷ್ಟು ಕೊಡಬಹುದು ಎನ್ನುವ ಗುಂಪು ನಡಿಗೆ. ಎರಡು ಗಂಟೆಯಲ್ಲಿ ‘ಮೂರು ಸೇತುವೆ’ ಎಂದೇ ಹೆಸರಾದ ಜೋಡಣೆ, ಡ್ರ್ಯಾಗನ್ ಸೇತುವೆ, ಮಾರುಕಟ್ಟೆ, ನದಿ ದಂಡೆ ಎಲ್ಲ ಮುಗಿಯಿತು. 1895ರ ಭೂಕಂಪದಲ್ಲಿ ಊರು ಜರ್ಜರಿತವಾಗಿ ಮತ್ತೆ ಕಟ್ಟಿಕೊಂಡ ಕಥೆಯನ್ನು ಗೈಡ್ ಚೆನ್ನಾಗಿಯೇ ಹೇಳಿದ. ಆದರೆ ಇಪ್ಪತ್ತೈದು ಜನರ ಗುಂಪು. ಅಮ್ಮ ನಿಧಾನಕ್ಕೆ ನಡೆದು ಬರುವಷ್ಟರಲ್ಲಿ ಪ್ರತಿ ಕಡೆಯೂ ಅರ್ಧ ಕಥೆ ಮುಗಿದಿರುತ್ತಿತ್ತು. ಊರಿನ ದಿಕ್ಕು ದೆಸೆ ತಿಳಿಯಲು ಮೊದಲ ದಿನ ಇದು ಸಾಕು, ಅದಕ್ಕಿಂತ ಹೆಚ್ಚು ನಿರೀಕ್ಷಿಸಬೇಡಿ.

ಅದೇ ಊರಿನ ಟ್ರ್ನೋವೊ ಬಡಾವಣೆಯಲ್ಲಿ ವಾಸ್ತುಶಿಲ್ಪಿ ಯೋಝೆ ಪ್ಲೆಚ್ನಿಕ್ ಅವರ ಮನೆಯಿದೆ. ಮೂರು ಸೇತುವೆಗೆ ಇವತ್ತಿನ ರೂಪ ಕೊಟ್ಟವರು ಅವರೇ: ಹಳೆಯ ಸೇತುವೆಯನ್ನು ಕೆಡವದೆ, ನಡೆದು ಹೋಗುವವರಿಗೆಂದು ಎಡಬಲಕ್ಕೆ ಇನ್ನೆರಡನ್ನು ಸೇರಿಸಿದರು. 1921ರಲ್ಲಿ ಊರಿಗೆ ಮರಳಿ, 1957ರಲ್ಲಿ ತೀರಿಕೊಳ್ಳುವವರೆಗೂ ಇದ್ದದ್ದು ಈ ಮನೆಯಲ್ಲಿ. ಗೈಡ್ ಇಲ್ಲದೆ ಒಳಗೆ ಬಿಡುವುದಿಲ್ಲ, ಒಮ್ಮೆಗೆ ಕೆಲವೇ ಜನ. ಹಾಸಿಗೆ, ಕೆಲಸದ ಮೇಜು, ಪೆನ್ಸಿಲ್ಲುಗಳು ಎಲ್ಲ ಒಂದೇ ದುಂಡು ಕೋಣೆಯಲ್ಲಿ. ಒಂದು ನಗರಕ್ಕೇ ರೂಪ ಕೊಟ್ಟ ಮನುಷ್ಯ ಇಷ್ಟು ಕಡಿಮೆ ಸಾಮಾನಿನಲ್ಲಿ ಬದುಕಿದ್ದನ್ನು ಕಂಡು ಅಮ್ಮ ಬಹಳ ಹೊತ್ತು ಸುಮ್ಮನಾದರು. ಬೀದಿಯಲ್ಲಿ ಎರಡು ಗಂಟೆ ನಡೆದು ತಿಳಿದದ್ದಕ್ಕಿಂತ ಆ ಕೋಣೆಯಲ್ಲಿ ಹತ್ತು ನಿಮಿಷ ನಿಂತು ಪ್ಲೆಚ್ನಿಕ್ ಹೆಚ್ಚು ಅರ್ಥವಾದರು.

ಆದರೂ ನನ್ನ ಮೊದಲ ಆಯ್ಕೆ ಷ್ಕೋಫ್ಯಾ ಲೋಕಾ. ಲ್ಯುಬ್ಲಿಯಾನಾದಿಂದ ಸುಮಾರು 25 ಕಿಲೋಮೀಟರ್. ರೈಲು ನಿಲ್ದಾಣ ಹಳೆಯ ಊರಿನಿಂದ ದೂರ, ಬಸ್ಸೇ ವಾಸಿ. 973ರಲ್ಲಿ ಚಕ್ರವರ್ತಿ ಎರಡನೇ ಒಟ್ಟೊ ಈ ಸೀಮೆಯನ್ನು ಬವೇರಿಯಾದ ಫ್ರೈಸಿಂಗ್ ಬಿಷಪ್‌ಗೆ ದತ್ತಿ ಕೊಟ್ಟ. 1803ರವರೆಗೂ ಅದು ಬಿಷಪ್‌ಗಳ ಕೈಯಲ್ಲೇ ಇತ್ತು. ಅಲ್ಲಿ ನಮ್ಮ ಗುಂಪಿನಲ್ಲಿ ನಾವಿಬ್ಬರು, ಇನ್ನೊಂದು ಜೋಡಿ, ಅಷ್ಟೇ. ಗೈಡ್ ಅದೇ ಊರಿನ ಮಧ್ಯವಯಸ್ಸಿನ ಹೆಂಗಸು. ಕಲ್ಲಿನ ಕಪುಚಿನ್ ಸೇತುವೆಯ ಮೇಲೆ ನಿಲ್ಲಿಸಿ, ಅದನ್ನು ಕಟ್ಟಿಸಿದ ಬಿಷಪ್ ಲಿಯೋಪೋಲ್ಡ್ ಕುದುರೆಯ ಸಮೇತ ಅಲ್ಲಿಂದಲೇ ಹೊಳೆಗೆ ಬಿದ್ದು ಸತ್ತನಂತೆ, ಆಗ ಸೇತುವೆಗೆ ಕಟಕಟೆಯೇ ಇರಲಿಲ್ಲವಂತೆ ಎಂದು ಹೇಳಿದರು. ನಾವೆಲ್ಲ ಒಮ್ಮೆ ಬಗ್ಗಿ ನೀರು ನೋಡಿದೆವು.

ಪಕ್ಕದಲ್ಲಿರುವ, ಕಪುಚಿನ್ ಎಂಬ ಕ್ರೈಸ್ತ ಸನ್ಯಾಸಿಗಳ ಮಠದಲ್ಲಿ ಯೇಸುವಿನ ಯಾತನೆಯ ನಾಟಕದ ಹಸ್ತಪ್ರತಿ ಇದೆ. 1721ರಲ್ಲಿ ಪಾದ್ರಿ ರೊಮುವಾಲ್ಡ್ ಸಿದ್ಧಪಡಿಸಿದ್ದು. ಸ್ಲೊವೇನಿಯನ್ ಭಾಷೆಯಲ್ಲಿ ಉಳಿದಿರುವ ಅತ್ಯಂತ ಹಳೆಯ ನಾಟಕದ ಪಠ್ಯ. 1999ರಿಂದ ಊರವರು ಮತ್ತೆ ಆಡತೊಡಗಿದ್ದಾರೆ. ವೇಷ ಹಾಕುವವರೂ ಅವರೇ, ವೇದಿಕೆ ಹೊರುವವರೂ ಅವರೇ, ರಂಗಸ್ಥಳ ಊರಿನ ಬೀದಿಗಳೇ. ನಮ್ಮ ಗೈಡೂ ಒಮ್ಮೆ ವೇಷ ಹಾಕಿದ್ದರು. ಯಾವ ತಿರುವಿನಲ್ಲಿ ಕುದುರೆ ಬೆದರಿತು, ಎಲ್ಲಿ ಚಳಿಗೆ ಕೈ ಮರಗಟ್ಟಿತು ಎಂದು ಜಾಗ ತೋರಿಸಿ ಹೇಳಿದರು. “ನೋಡೇ, ತಮ್ಮನೆ ಅಂಗಳ ತೋರಿಸ್ದಂಗೆ ತೋರಿಸ್ತಿದಾರೆ” ಎಂದರು ಅಮ್ಮ. ಅವರ ಮೊಣಕಾಲು ಕಂಡು ಗೈಡ್ ಕೋಟೆಯ ಏರನ್ನು ಕೈಬಿಟ್ಟು, ಚೌಕದ ಬೆಂಚಿನಲ್ಲಿ ಕೂರಿಸಿ ಉಳಿದ ಕಥೆ ಹೇಳಿದರು. ದೊಡ್ಡ ಗುಂಪಿನ ಗೈಡ್‌ಗೆ ಮನಸ್ಸಿದ್ದರೂ ಇದು ಆಗದ ಮಾತು.

ಪಿರಾನ್‌ನಲ್ಲಿ ಗೈಡ್ ಬೇಡವೆಂದು ಫೋನಿನಲ್ಲಿ ಆಡಿಯೋ ಹಾಕಿಕೊಂಡು ನಡೆದೆವು. ಸಮುದ್ರಕ್ಕೆ ಚಾಚಿದ ಈ ಪುಟ್ಟ ಊರಿಗೆ ಅದು ಒಪ್ಪುತ್ತದೆ. ಬೇಕಾದಲ್ಲಿ ನಿಲ್ಲಿಸಿ, ಮೀನು ತಿಂದು, ಮತ್ತೆ ಶುರು ಮಾಡಬಹುದು. ತಾರ್ತೀನಿ ಚೌಕ ಮೊದಲು ದೋಣಿಗಳ ಒಳಬಂದರಾಗಿತ್ತು, 1894ರಲ್ಲಿ ಮುಚ್ಚಿದರು ಎಂದು ಕೇಳಿದ ಮೇಲೆ ಅದರ ದುಂಡು ಆಕಾರ ಕಣ್ಣಿಗೆ ಬೇರೆಯೇ ಆಗಿ ಕಂಡಿತು. 1692ರಲ್ಲಿ ಇಲ್ಲೇ ಹುಟ್ಟಿದ ಪಿಟೀಲುವಾದಕ ಜುಸೆಪ್ಪೆ ತಾರ್ತೀನಿಯ ಪ್ರತಿಮೆ ನಡುವೆ ನಿಂತಿದೆ. ಮೂಲೆಯ ಕೆಂಪು ವೆನಿಸ್ ಮನೆಯ ಗೋಡೆಯಲ್ಲಿ ‘ಆಡಿಕೊಳ್ಳುವವರು ಆಡಿಕೊಳ್ಳಲಿ’ ಎಂಬರ್ಥದ ಸಾಲು ಕೆತ್ತಿದ್ದಾರೆ. ಕೊರತೆ ಒಂದೇ: ಇಲ್ಲಿ ಸ್ಲೊವೇನಿಯನ್, ಇಟಾಲಿಯನ್ ಎರಡೂ ಆಡಳಿತ ಭಾಷೆ. ಮನೆಯಲ್ಲಿ ಯಾರು ಯಾವುದನ್ನು ಆಡುತ್ತಾರೆ ಎಂದು ಅಮ್ಮ ಕೇಳಿದರು. ಫೋನಿಗೆ ಪ್ರಶ್ನೆ ಕೇಳಲಾಗದು.

ಬ್ಲೆಡ್ ಕೆರೆಯ ದಂಡೆಯಲ್ಲಿ, ಹಿಂದಿನ ಯುಗೊಸ್ಲಾವಿಯಾದ ನಾಯಕ ಟಿಟೊನ ವಿಲ್ಲಾಕ್ಕೂ ಹೋದೆವು. ಎರಡನೇ ಮಹಾಯುದ್ಧದ ನಂತರ ವಿಂಕೊ ಗ್ಲಾಂಜ್ ವಿನ್ಯಾಸದಲ್ಲಿ ಎದ್ದ ಕಟ್ಟಡ, ಈಗ ಹೋಟೆಲ್. ಸಭಾಂಗಣದಲ್ಲಿ ಸ್ಲಾವ್ಕೊ ಪೆಂಗೊವ್ ಬರೆದ ವಿಮೋಚನಾ ಹೋರಾಟದ ದೊಡ್ಡ ಭಿತ್ತಿಚಿತ್ರವಿದೆ. ಕೆರೆಯ ಸುತ್ತ ನಡೆದು ಬಂದವರು ಒಳಗೆ ನೋಡಬಹುದೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಕೈಯಲ್ಲಿ ಎರಡೇ ದಿನವಿದ್ದರೆ ನಾನು ಒಂದನ್ನು ಪ್ಲೆಚ್ನಿಕ್ ಮನೆಗೆ, ಇನ್ನೊಂದನ್ನು ಷ್ಕೋಫ್ಯಾ ಲೋಕಾಗೆ ಇಡುತ್ತೇನೆ. ಮೊದಲನೆಯದಕ್ಕೆ ಹೊರಡುವ ಮುಂಚೆಯೇ ಜಾಗ ಕಾದಿರಿಸಿ. ಎರಡನೆಯದಕ್ಕೆ ಆ ಊರಿನಲ್ಲೇ ಬೆಳೆದ ಗೈಡ್ ಬೇಕು ಎಂದು ಕೇಳಿ ಪಡೆಯಿರಿ.